ಶಾಲೆಯ ಗೋಡೆಯ ಮೇಲೆ ವಾರಿ

ನಮ್ಮ ಊರಿನಲ್ಲಿ ಯಾರೂ ಬಿಸಿಲು ಬೀಳುವ ಗೋಡೆಯ ಪಕ್ಕ ಬಹಳ ಹೊತ್ತು ಅಲುಗಾಡದೆ ಕೂರುವುದಿಲ್ಲ. ಕೂತರೆ ನೆರಳು ಗೋಡೆಗೆ ಹಿಡಿದುಬಿಡುತ್ತದೆ. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಸಾಕು. ಆಮೇಲೆ ಎದ್ದು ಹೋದರೂ ನೆರಳು ಅಲ್ಲೇ ಉಳಿಯುತ್ತದೆ. ತೊಳೆದರೆ ಹೋಗುವುದಿಲ್ಲ. ಸುಣ್ಣ ಬಳಿದರೆ ಮುಂದಿನ ಮಳೆಗಾಲದೊಳಗೆ ಸುಣ್ಣದ ಒಳಗಿನಿಂದ ಮೇಲೆ ಬರುತ್ತದೆ. ಹೀಗಾಗಿ ಇಲ್ಲಿನ ಜನ ಜಾಗ ನೋಡಿಕೊಂಡು ಕೂರುತ್ತಾರೆ. ಬಸ್ಸಿಗೆ ಕಾಯುವವರು ಸುಮ್ಮನೆ ಆಗಾಗ ಭುಜ ಕುಣಿಸುತ್ತಿರುತ್ತಾರೆ. ಹೋಟೆಲಿನ ಹೊರಗೋಡೆಯ ತುಂಬ ಪೇಪರ್ ಓದುತ್ತ ಮೈಮರೆತವರಿದ್ದಾರೆ. ಕೆರೆಯ ಹತ್ತಿರದ ಪಂಪ್‌ಹೌಸಿನ ಗೋಡೆಯ ಮೇಲೆ ಎರಡು ತಲೆಗಳು ಹತ್ತಿರ ಬಂದಿರುವ ನೆರಳೊಂದಿದೆ. ಯಾರದ್ದೆಂದು ಎಲ್ಲರಿಗೂ ಗೊತ್ತು, ಇಬ್ಬರಿಗೂ ಈಗ ಬೇರೆ ಬೇರೆ ಮನೆಗಳಲ್ಲಿ ಮೊಮ್ಮಕ್ಕಳಿದ್ದಾರೆ, ಯಾರೂ ಆ ಮಾತೆತ್ತುವುದಿಲ್ಲ. ನನ್ನ ಯಜಮಾನರು ಚಂದ್ರಹಾಸ ತಮ್ಮ ಬಟ್ಟೆ ಅಂಗಡಿಯಲ್ಲಿ, ತೀರಿಕೊಂಡ ಮಾವನವರ ನೆರಳಿನೊಳಗೇ ಸರಿಯಾಗಿ ಕೂರುತ್ತಾರೆ, ಹೊಸದೊಂದು ಬೇಡವೆಂದು. ಈಚೆಗೆ ಹೊಟ್ಟೆ ಸ್ವಲ್ಪ ಆಚೆ ಬಂದಿದೆ.

ಇಂಥ ಊರಿನಲ್ಲಿ ಮಗು ಶಾಲೆಗೆ ಸೇರಬೇಕಾದರೆ ಮೊದಲು ಅದರ ನೆರಳು ಶಾಲೆಯ ಗೋಡೆಗೆ ಹಿಡಿಯಬೇಕು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಕ್ಕಳನ್ನೆಲ್ಲ ಪೂರ್ವದ ಉದ್ದನೆಯ ಗೋಡೆಯ ಪಕ್ಕ ಮಣೆ ಹಾಕಿ ಕೂರಿಸುತ್ತಾರೆ. ಮೂಗು ಚೆನ್ನಾಗಿ ಬರಲೆಂದು ಪಕ್ಕಕ್ಕೆ ತಿರುಗಿಸಿ ಕೂರಿಸುವುದು ಪದ್ಧತಿ. ಬಾಯಿಗೊಂದು ಬೆಲ್ಲದ ಚೂರು ಕೊಡುತ್ತಾರೆ. ತಾಯಂದಿರು ದೂರ ನಿಂತು ಕಣ್ಣಿನಲ್ಲೇ ಗದರುತ್ತಾರೆ. ಬೆಲ್ಲ ಕರಗುವಷ್ಟರಲ್ಲಿ ಸಾಮಾನ್ಯವಾಗಿ ಕೆಲಸ ಮುಗಿದಿರುತ್ತದೆ. ನಾನೂ ಆ ಗೋಡೆಯಲ್ಲಿದ್ದೇನೆ: ಎರಡು ಜಡೆ, ಸ್ವಲ್ಪ ಬಗ್ಗಿದ ಬೆನ್ನು, ಇನ್ನೇನು ತಪ್ಪಾಗಲಿದೆಯೋ ಎಂದು ಆಗಲೇ ಕಾಯುತ್ತಿರುವವಳ ಹಾಗೆ. ಗೋಡೆಯಲ್ಲಿ ಇಲ್ಲದ ಮಗುವಿಗೆ ತರಗತಿಯಲ್ಲಿ ಜಾಗವಿಲ್ಲ. ಎಂಟು ತುಂಬಿದ ಮೇಲೆ ಮಣೆಯೂ ಇಲ್ಲ.

ನನ್ನ ಮಗಳು ವಾರಿಜಾಗೆ ಏಳು ತುಂಬಿತ್ತು. ಹಿಂದಿನ ಎರಡು ವರ್ಷವೂ ಬೆಲ್ಲ ಬಾಯಿಗೆ ಬೀಳುವ ಮೊದಲೇ ಅವಳು ಮಣೆಯಿಂದ ಎದ್ದು ಓಡಿದ್ದಳು.

ವಾರಿ ಬೆಳಕು ಹರಿಯುವ ಮುಂಚೆ ಏಳುತ್ತಾಳೆ. ಎದ್ದ ಕೂಡಲೇ ಓಡಬೇಕು, ಬಿಸಿಲು ಏರುವವರೆಗೂ. ಹಿತ್ತಲಿನ ಗೋಡೆಗೆ ಅಂಗೈ ತಾಗಿಸಿಕೊಂಡು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಬಾಯಲ್ಲಿ ಜೇನ್ನೊಣದಂಥ ಒಂದು ಗುಂಯ್ ಸದ್ದು. ಮಧ್ಯೆ ನಿಲ್ಲಿಸಿದರೆ ಅಳುತ್ತಾಳೆ. ಅದು ಹಟದ ಅಳುವಲ್ಲ, ಬಿಸಿನೀರು ಮೈಮೇಲೆ ಬಿದ್ದವರ ಅಳು. ಫ್ರಾಕಿನ ಕತ್ತಿನ ಹತ್ತಿರದ ಲೇಬಲಿನ ಪಟ್ಟಿ ಚುಚ್ಚುತ್ತದೆ, ಅದನ್ನು ಕತ್ತರಿಸಬೇಕು. ದೋಸೆಯಲ್ಲಿ ಅಂಚು ಮಾತ್ರ ತಿನ್ನುತ್ತಾಳೆ. ನಾವು ಹೇಳಿದ ಮಾತನ್ನು ಉತ್ತರವಾಗಿ ನಮಗೇ ವಾಪಸು ಕೊಡುತ್ತಾಳೆ. "ವಾರಿ, ಕೂತ್ಕೋ ಪುಟ್ಟ" ಎಂದರೆ, "ಕೂತ್ಕೋ ಪುಟ್ಟ" ಎನ್ನುತ್ತ ಕಿಟಕಿಯ ಸರಳು ಹತ್ತಿರುತ್ತಾಳೆ. ಅದೇ ಹುಡುಗಿ ಪೇಟೆಯಲ್ಲಿ ನನ್ನ ಕೈಯೆಳೆದುಕೊಂಡು ಓಡುವಾಗ ಅಂಗಡಿಗಳ ಬೋರ್ಡುಗಳನ್ನೆಲ್ಲ ಒಂದೂ ತಪ್ಪಿಲ್ಲದೆ ಓದುತ್ತಾಳೆ. ಯಾರೂ ಕಲಿಸಿದ್ದಲ್ಲ. "ಶ್ರೀ ಗುರು ಹಿಟ್ಟಿನ ಗಿರಣಿ, ಸೈಕಲ್ ಬಾಡಿಗೆಗೆ ದೊರೆಯುತ್ತದೆ, ಇಲ್ಲಿ ಉಗುಳಬಾರದು." ಅವಳಿಗೆ ಓದಲು ಬರುತ್ತದೆ ಎಂದರೆ ಊರಿನಲ್ಲಿ ನಂಬುವವರಿರಲಿಲ್ಲ. ಓದುವ ಮಕ್ಕಳು ಕೂತಿರುತ್ತಾರೆ ಎಂದು ಅವರ ತಿಳಿವಳಿಕೆ.

ನನ್ನ ಅತ್ತೆ ರತ್ನಮ್ಮನವರಿಗೆ ಇದೆಲ್ಲ ನನ್ನ ಬಸಿರಿನ ಕಾಲದ ತಪ್ಪು. "ನೀನು ಹೊಟ್ಟೆಯಲ್ಲಿಟ್ಕೊಂಡು ಒಂದು ದಿನ ನೆಟ್ಟಗೆ ಕೂತಿದ್ದೀಯೇನೇ? ಯಾವಾಗ ನೋಡಿದ್ರೂ ಬಾಗಿಲಿಗೂ ಕಿಟಕಿಗೂ ಓಡಾಟ. ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿತು. ನನ್ನ ಮಗನಿಗೆ ತೊಟ್ಟಿಲಲ್ಲೇ ನೆರಳು ಹಿಡಿದಿತ್ತು, ಗೊತ್ತಾ?"

"ಅವರು ಈಗಲೂ ತೊಟ್ಟಿಲಲ್ಲೇ ಇದಾರೆ ಅತ್ತೆ," ಎಂದೆ. ಯಜಮಾನರು ಚಾಪೆಯ ಮೇಲೆ ಅಂಗಾತ ಮಲಗಿ ನಿದ್ದೆ ಬಂದವರ ಹಾಗೆ ನಟಿಸಿದರು.

ಬಸ್ಸಿನಲ್ಲಿ ಅರ್ಧ ದಿನ ಹೋದರೆ ಸಿಗುವ ದೊಡ್ಡ ಊರಿನ ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿನ ಡಾಕ್ಟರು, ತಾಳ್ಮೆಯ ಹೆಂಗಸು, ಮೇಜಿನ ಕೆಳಗೆ ನುಸುಳಿದ್ದ ವಾರಿಯ ಜೊತೆ ತಾವೂ ನೆಲದ ಮೇಲೆ ಕೂತು ಮಾತಾಡಿಸಿದರು. ಆಮೇಲೆ ನನಗೆ ಹೇಳಿದರು: "ಎಡಿಎಚ್‌ಡಿ ಇರಬಹುದು. ಆಟಿಸಂ ಇರಬಹುದು. ಎರಡೂ ಇರಬಹುದು. ಇನ್ನೂ ಕೆಲವು ಸಲ ನೋಡಬೇಕು." ನಾನು ಕಾಲೇಜು ಓದಿದವಳು, ಮಾತನ್ನು ತೂಗಿ ನೋಡುವವಳು. ವಾಪಸು ಬರುವಾಗ ದಾರಿಯುದ್ದಕ್ಕೂ 'ಇರಬಹುದು' ಎಂಬುದನ್ನೇ ಹಿಂದೆ ಮುಂದೆ ತಿರುಗಿಸುತ್ತ ಬಂದೆ. ಅದರಲ್ಲಿ ಬೈಗುಳವಿರಲಿಲ್ಲ. ನನ್ನ ತಪ್ಪೆಂದೂ ಇರಲಿಲ್ಲ. ಆದರೆ ಅದನ್ನು ನಮ್ಮ ಶಾಲೆಯ ಗೋಡೆಗೆ ಅಂಟಿಸುವ ಹಾಗಿರಲಿಲ್ಲ. ಆ ಊರಿನಲ್ಲಿ ನೆರಳು ಗೋಡೆಗೆ ಹಿಡಿಯುವುದಿಲ್ಲ. ಬಸ್ ನಿಲ್ದಾಣದಲ್ಲಿ ಓಡಾಡುತ್ತಿದ್ದ ಎಷ್ಟೋ ಮಕ್ಕಳ ನಡುವೆ ವಾರಿ ಕೂಡ ಒಂದು ಮಗುವಾಗಿದ್ದಳು. ಅಲ್ಲೇ ಇದ್ದುಬಿಡೋಣ ಅನ್ನಿಸಿತು. ಆದರೆ ಅಂಗಡಿ, ಮನೆ, ಅತ್ತೆ, ಎಲ್ಲ ಇಲ್ಲೇ. ನನ್ನ ಮಗಳಿಗೂ ಅವಳ ಗೋಡೆ ಇಲ್ಲೇ ಇತ್ತು. ಎರಡು ದಿನ ಅದನ್ನು ಮುಟ್ಟದೆ ಇದ್ದವಳು, ಮನೆಗೆ ಬಂದ ಕೂಡಲೇ ಚಪ್ಪಲಿ ಬಿಡದೆ ಹಿತ್ತಲಿಗೆ ಓಡಿದಳು.

ಮೂರನೆಯ ಸಲದ ದಿನ ಬಂತು. ಶಾಲೆಯ ಮುಖ್ಯೋಪಾಧ್ಯಾಯಿನಿ ರುಕ್ಮಾಂಗಿ ಟೀಚರ್ ನನಗೂ ಪಾಠ ಹೇಳಿದವರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಕುಮುದಾ, ಇದು ಕಡೇ ಸಲ. ಪದ್ಧತಿ ಅಲ್ಲ, ಆದ್ರೂ ಹೇಳ್ತೀನಿ, ಬೇಕಾದ್ರೆ ತೊಡೆ ಮೇಲೆ ಕೂರಿಸ್ಕೋ. ಗಟ್ಟಿಯಾಗಿ ಹಿಡ್ಕೋ. ಒಂದು ಸಲ ಹಿಡಿದುಬಿಟ್ರೆ ಆಯ್ತಲ್ಲ."

ಅವರು ಒಳ್ಳೆಯದಕ್ಕೇ ಹೇಳಿದರು. ಗೋಡೆಯ ಖಾಲಿ ತುದಿಯಲ್ಲಿ ಸ್ಟೂಲ್ ಹಾಕಿಕೊಂಡು, ಪಕ್ಕಕ್ಕೆ ತಿರುಗಿ, ವಾರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ತೋಳುಗಳಿಂದ ಬಿಗಿದೆ. ಮೊದಲು ಅವಳು ನಕ್ಕಳು, ಆಟವೆಂದುಕೊಂಡು. ಆಮೇಲೆ ಒದೆದಳು. ಆಮೇಲೆ ಆ ಅಳು ಶುರುವಾಯಿತು. ಸಾಲಿನಲ್ಲಿದ್ದ ಮಕ್ಕಳು ಬೆಲ್ಲ ಚೀಪುವುದನ್ನು ಮರೆತು ತಿರುಗಿ ನೋಡುತ್ತಿದ್ದರು, ತಾಯಂದಿರು "ಲೋ, ನೆಟ್ಟಗೆ ನೋಡೋ" ಎಂದು ಹಲ್ಲು ಕಚ್ಚುತ್ತಿದ್ದರು. ನಾನು ಬಿಡಲಿಲ್ಲ. ಅವಳ ತಲೆ ನನ್ನ ಗದ್ದಕ್ಕೆ ಬಡಿಯಿತು, ತುಟಿ ಒಡೆಯಿತು, ಬಿಡಲಿಲ್ಲ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎನ್ನುತ್ತ ಕಲ್ಲಿನ ಹಾಗೆ ಕೂತಿದ್ದೆ. ಟೀಚರ್ ಗಂಟೆ ಹೊಡೆಸಿದ ಮೇಲೆ ತೋಳು ಸಡಿಲಿಸಿದೆ. ವಾರಿ ಮೈದಾನದ ಆಚೆಯ ಗೇಟಿನವರೆಗೂ ಓಡಿ ಅದರ ಸರಳಿಗೆ ಮುಖ ಒತ್ತಿಕೊಂಡು ನಿಂತಳು.

ನಾನು ಎದ್ದು ಗೋಡೆ ನೋಡಿದೆ. ಎಲ್ಲರೂ ನೋಡಿದರು. ಗೋಡೆಗೆ ನನ್ನ ನೆರಳು ಹಿಡಿದಿತ್ತು. ಬಗ್ಗಿದ ಬೆನ್ನು, ಮುಂದೆ ಚಾಚಿದ ಗದ್ದ, ಕೊಕ್ಕೆಯ ಹಾಗೆ ಬಿಗಿದ ತೋಳು. ತೋಳಿನೊಳಗೆ ಏನೂ ಇರಲಿಲ್ಲ. ಒದ್ದಾಡುತ್ತಿದ್ದವಳ ನೆರಳು ಎಲ್ಲೂ ನಿಂತಿರಲಿಲ್ಲ. ಅಲ್ಲಿ ಬರೀ ಬಿಳಿ ಸುಣ್ಣ. ಯಾರೋ ಒಬ್ಬರು ಹಿಂದಿನಿಂದ, "ಅಯ್ಯೋ, ಗಾಳಿ ಹಿಡ್ಕೊಂಡು ಕೂತಂಗಿದೆ" ಎಂದರು. ಒಂದಿಬ್ಬರು ನಕ್ಕರು. ಟೀಚರ್ ನಗಲಿಲ್ಲ.

ಅತ್ತ ಗೇಟಿನಿಂದ ಮೆಲ್ಲಗೆ ಬಂದು ವಾರಿಯೂ ನೋಡಿದಳು. ತಲೆ ಓರೆ ಮಾಡಿ, ಅಂಗಡಿಯ ಬೋರ್ಡು ಓದುವ ದನಿಯಲ್ಲೇ ಹೇಳಿದಳು: "ಅಮ್ಮ ಇದೆ. ವಾರಿ ಇಲ್ಲ."

ಆ ದಿನ ಮಧ್ಯಾಹ್ನ ಯಜಮಾನರು ಅಂಗಡಿ ಮುಚ್ಚಿ ಬಂದರು. "ಬಿಡು ಕುಮುದಾ, ಎಷ್ಟೂಂತ ಒದ್ದಾಡ್ತೀಯ. ಮನೇಲೇ ಇರ್ಲಿ. ದೊಡ್ಡವಳಾದ ಮೇಲೆ ಅಂಗಡಿ ನೋಡ್ಕೋತಾಳೆ."

"ರೀ, ಅಂಗಡೀಲೂ ಕೂರಬೇಕಲ್ಲ?"

ಅತ್ತೆ, ಅಪರೂಪಕ್ಕೆ, ಬೈಯುವುದನ್ನು ಬಿಟ್ಟು ನನ್ನ ಒಡೆದ ತುಟಿಗೆ ತುಪ್ಪ ಹಚ್ಚಿದರು. ನಾನು ಅಳುವುದಕ್ಕೆ ಕೂರಲಿಲ್ಲ. ಎರಡು ವಿಷಯ ನಿಶ್ಚಯ ಮಾಡಿಕೊಂಡೆ. ಅವಳನ್ನು ಇನ್ನು ಹಾಗೆ ಹಿಡಿಯುವುದಿಲ್ಲ. ಅವಳು ಶಾಲೆಗೆ ಹೋಗಿಯೇ ಹೋಗುತ್ತಾಳೆ. ಎರಡೂ ಒಟ್ಟಿಗೆ ಹೇಗೆ ಆಗುತ್ತದೆಂದು ಮಾತ್ರ ತಿಳಿದಿರಲಿಲ್ಲ. ವಾರಿಗೆ ಎಂಟು ತುಂಬುವುದು ದೀಪಾವಳಿಗೆ.

ಬೇಸಿಗೆಯಲ್ಲಿ ಅತ್ತೆ ಹಿತ್ತಲಿನಲ್ಲಿ ಸಂಡಿಗೆ ಇಡುತ್ತಿದ್ದರು. ಒಂದು ಬೆಳಿಗ್ಗೆ ಅವರ ಗೊಣಗಾಟ ಅಡುಗೆಮನೆಯವರೆಗೂ ಕೇಳಿಸಿತು. "ಗೋಡೆನೆಲ್ಲ ಕೊಳೆ ಮಾಡಿಟ್ಟಿದೆ ಈ ಹುಡುಗಿ. ಎಣ್ಣೆ ಕೈ, ಮಣ್ಣು ಕೈ, ಯಾವುದಕ್ಕೂ ಲೆಕ್ಕ ಇಲ್ಲ." ಆಮೇಲೆ ತೆಂಗಿನ ನಾರಿನಿಂದ ಉಜ್ಜುವ ಸದ್ದು. ಬಹಳ ಹೊತ್ತು ಉಜ್ಜಿದರು. ಆಮೇಲೆ ಸದ್ದು ನಿಂತಿತು.

"ಕುಮುದಾ. ಬಾರೇ ಇಲ್ಲಿ."

ಹೋದೆ. ಅತ್ತೆ ಒದ್ದೆ ನಾರು ಕೈಯಲ್ಲಿ ಹಿಡಿದು ನಿಂತಿದ್ದರು. ಗೋಡೆಯ ಮೇಲೆ ವಾರಿಯ ಅಂಗೈಯ ಎತ್ತರದಲ್ಲಿದ್ದ ಕೊಳೆ ಪೂರ್ತಿ ಹೋಗಿತ್ತು. ಅದರ ಹಿಂದೆ, ಅದಕ್ಕಿಂತ ಅಗಲವಾಗಿ, ತುದಿಯಿಂದ ತುದಿಗೆ ಇನ್ನೊಂದು ಇತ್ತು. ತೆಳು ಬೂದು ಬಣ್ಣದ ಪಟ್ಟಿ. ಕೆಳಗೆ ಕಾಲುಗಳಿರಬೇಕಾದಲ್ಲಿ ಮಸುಕು, ನಡುವೆ ಗಾಢ, ಮೇಲೆ ಹಾರುವ ಕೂದಲಿನ ಜಾಗದಲ್ಲಿ ಗೆರೆಗೆರೆ.

"ಇದು ಹೋಗ್ತಿಲ್ಲ," ಎಂದರು ಅತ್ತೆ.

"ಇನ್ನೊಂದು ಸಲ ಉಜ್ಜಿ ನೋಡಿ."

"ಉಜ್ಜಿದೀನಿ ಕಣೇ! ಕೈ ನೋಡು, ಸಿಪ್ಪೆ ಎದ್ದಿದೆ." ದನಿ ತಗ್ಗಿಸಿದರು. "ತೊಳೆದ್ರೆ ಹೋಗದೆ ಇರೋದು ಒಂದೇ ಅಲ್ವೇನೇ ನಮ್ಮೂರಲ್ಲಿ?"

ಬೆಳಗಿನ ಬಿಸಿಲು ನೇರವಾಗಿ ಬೀಳುವ ಗೋಡೆ ಅದು. ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ಎತ್ತರ. ಒಂದು ಕಡೆ ಅನ್ನ ಬೇಯುವಷ್ಟು ಹೊತ್ತು ಕೂರದವಳು, ವರ್ಷಗಟ್ಟಲೆ ಓಡಿ ಅಷ್ಟು ಹೊತ್ತನ್ನು ಗೋಡೆಯ ಉದ್ದಕ್ಕೂ ಚೂರುಚೂರಾಗಿ ಹಚ್ಚಿಟ್ಟಿದ್ದಳು. ಅತ್ತೆ ಸೆರಗಿನಿಂದ ಆ ಪಟ್ಟಿಯ ಮೇಲಿನ ನೀರನ್ನು ಒತ್ತಿ ಒತ್ತಿ ಒರೆಸಿದರು, ಮಗುವಿಗೆ ತಲೆ ಒರೆಸುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ನಿಂತ್ಕೊಂಡಿದ್ದೀಯಲ್ಲ, ಹೋಗಿ ಆ ಟೀಚರನ್ನ ಕರ್ಕೊಂಡು ಬಾ" ಎಂದು ಗದರಿದರು.

ರುಕ್ಮಾಂಗಿ ಟೀಚರ್ ಬಂದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಇದಕ್ಕೆ ಮೂಗೆಲ್ಲಿ?" ಎಂದರು.

"ಟೀಚರ್, ನೆರಳು ಹಿಡೀಬೇಕು ಅಂತ ಇದೆ. ಮೂಗು ಬರ್ಬೇಕು ಅಂತ ಇಲ್ವಲ್ಲ."

"ಕಾಲೇಜಿಗೆ ಕಳಿಸಿದ್ದು ಇದಕ್ಕೇನಾ ನಿನ್ನ?" ಎಂದರೂ ಅವರ ಬೆರಳು ಆ ಪಟ್ಟಿಯ ಮೇಲೇ ಓಡುತ್ತಿತ್ತು. "ನೋಡು, ನಿಮ್ಮ ಮನೆ ಗೋಡೆ ಮೇಲೆ ಏನಿದ್ರೂ ನನಗೆ ಆಗಲ್ಲ. ನಮ್ಮ ಗೋಡೆ ಮೇಲೆ ಬರ್ಬೇಕು."

"ಬರುತ್ತೆ. ಬೆಳಿಗ್ಗೆ ಮಕ್ಕಳು ಬರೋದಕ್ಕೆ ಮುಂಚೆ ಗೇಟು ತೆಗೆಸಿಕೊಡಿ."

"ಎಷ್ಟು ದಿನ?"

"ಬರೋವರೆಗೆ."

"ಎಂಟು ತುಂಬೋದ್ರೊಳಗೆ," ಎಂದರು ಟೀಚರ್. ಅಷ್ಟನ್ನು ಬಿಟ್ಟುಕೊಡಲಿಲ್ಲ.

ನಾನು ಎಣಿಸದೆ ಇದ್ದದ್ದು ಒಂದಿತ್ತು. ಶಾಲೆಯ ಗೋಡೆಯಲ್ಲಿ ಬೇರೆ ಮಕ್ಕಳ ನೆರಳಿಲ್ಲದ ಖಾಲಿ ಜಾಗ ಒಂದೇ ಕಡೆ; ನಾನು ಸ್ಟೂಲ್ ಹಾಕಿ ಕೂತಿದ್ದ ತುದಿ. ಆ ಉದ್ದನೆಯ ಖಾಲಿ ಜಾಗದ ನಡುವೆ ನನ್ನ ನೆರಳಿತ್ತು. ಮೊದಲ ದಿನ ವಾರಿ ಗೇಟಿನಿಂದ ಕುಣಿಯುತ್ತ ಬಂದವಳು ನನ್ನ ನೆರಳು ಕಂಡದ್ದೇ ನಿಂತುಬಿಟ್ಟಳು. ಬಿಗಿದ ಆ ತೋಳನ್ನು ನೋಡಿದಳು, ನನ್ನ ತೋಳನ್ನು ನೋಡಿದಳು. "ಅಮ್ಮ ಹಿಡಿಯತ್ತೆ."

"ಹಿಡಿಯಲ್ಲ ಪುಟ್ಟ."

"ಹಿಡಿಯಲ್ಲ ಪುಟ್ಟ," ಎಂದಳು. ನಂಬಲಿಲ್ಲ. ಗೋಡೆ ಬಿಟ್ಟು ಮೈದಾನದ ನಡುವೆ ಓಡಿದಳು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ನಾನು ಗೇಟಿನ ಹತ್ತಿರ ನಿಂತು ನೋಡಿದೆ. ಅವಳು ಓಡುತ್ತಲೇ ತಿರುತಿರುಗಿ ನನ್ನ ಕೈಗಳನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಕೈಗಳನ್ನು. ಹೇಳಿ ನಂಬಿಸುವ ಕೆಲಸ ಇದಲ್ಲವೆಂದು ಅರ್ಥವಾಯಿತು. ಮಾರನೆಯ ದಿನ ಎರಡು ಚೊಂಬು ತಂದೆ. ಶಾಲೆಯ ನಲ್ಲಿಯಲ್ಲಿ ಅಂಚಿನವರೆಗೂ ನೀರು ತುಂಬಿಸಿ ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ನಿಂತೆ. ಹಿಡಿಯಲು ಹೋದರೆ ನೀರು ಚೆಲ್ಲಬೇಕು. ವಾರಿ ಬಂದು ಎರಡೂ ಚೊಂಬುಗಳೊಳಗೆ ಬಗ್ಗಿ ನೋಡಿದಳು. ಬೆರಳದ್ದಿ ನೋಡಿದಳು. ಮತ್ತೆ ಮೈದಾನಕ್ಕೆ ಓಡಿದಳು. ಆದರೆ ಅವತ್ತು ತಿರುಗಿ ನೋಡಿದ್ದು ಕಡಿಮೆ.

ಅಲ್ಲಿಂದ ದಿನವೂ ಚೊಂಬು. ತೋಳು ನೋಯುತ್ತಿತ್ತು. ಹಾದಿಯಲ್ಲಿ ಹೋಗುವವರು, "ಏನ್ ಕುಮುದಮ್ಮ, ಶಾಲೆಗೆ ನೀರು ಹೊರೋ ಕೆಲಸ ಸಿಕ್ತಾ?" ಎಂದು ಕೇಳುತ್ತಿದ್ದರು. "ಹೌದು, ಸಂಬಳ ಇನ್ನೂ ಗೊತ್ತಾಗಿಲ್ಲ," ಎನ್ನುತ್ತಿದ್ದೆ. ಒಂದೊಂದು ದಿನ ಅತ್ತೆಯೂ ಬಂದು ಮೆಟ್ಟಿಲ ಮೇಲೆ, ನೆರಳು ಹಿಡಿಯದ ಹಾಗೆ ಮೊಣಕಾಲು ಅಲ್ಲಾಡಿಸುತ್ತ ಕೂರುತ್ತಿದ್ದರು.

ಯಾವ ದಿನ ಎಂದು ಗುರುತಿಟ್ಟಿಲ್ಲ. ವಾರಿ ಮೈದಾನದಿಂದ ತಿರುಗಿ ಬಂದು ಗೋಡೆಯ ಆ ಖಾಲಿ ಜಾಗದ ದೂರದ ತುದಿಗೆ ಅಂಗೈ ತಾಗಿಸಿದಳು. ಗುಂಯ್ ಸದ್ದು ಶುರುವಾಯಿತು. ನನ್ನ ನೆರಳಿನ ಹತ್ತಿರ ಬಂದಾಗ ಕೈ ತೆಗೆದು, ಸುತ್ತು ಹಾಕಿ, ಆಚೆಗೆ ಹೋಗಿ ಮತ್ತೆ ತಾಗಿಸಿದಳು. ನಾನು ಚೊಂಬುಗಳನ್ನು ಅವಳಿಗೆ ಕಾಣುವ ಹಾಗೆ ಎತ್ತಿ ಹಿಡಿದೆ. ಕೆಲವು ವಾರ ಹಾಗೇ ನಡೆಯಿತು, ನನ್ನ ನೆರಳನ್ನು ಬಿಟ್ಟು ಉಳಿದ ಖಾಲಿ ಗೋಡೆಯೆಲ್ಲ. ಆಮೇಲೆ ಒಂದು ಬೆಳಿಗ್ಗೆ, ಬಹುಶಃ ಸುತ್ತು ಹಾಕುವುದು ಬೇಸರವಾಗಿ, ನೇರವಾಗಿ ಓಡಿಬಿಟ್ಟಳು. ನನ್ನ ನೆರಳಿನ ಮುಖದ ಕೆಳಗಿನಿಂದ, ಬಿಗಿದ ತೋಳಿನೊಳಗಿನಿಂದ, ಆಚೆಗೆ. ಆಚೆಯ ತುದಿಯಲ್ಲಿ ನಿಂತು ತಿರುಗಿ ನೋಡಿದಳು, ಯಾರಾದರೂ ಹಿಡಿದರೇ ಎಂದು. ಯಾರೂ ಹಿಡಿದಿರಲಿಲ್ಲ. ವಾಪಸು ಓಡಿದಳು.

ಮಳೆಗಾಲದಲ್ಲಿ ಬಿಸಿಲಿರಲಿಲ್ಲ, ಆದರೂ ಬಂದೆವು. ಯಜಮಾನರು ಅಂಗಡಿ ತೆಗೆಯುವುದನ್ನು ತಡಮಾಡಿ ಕೊಡೆ ಹಿಡಿದು ನಿಲ್ಲುತ್ತಿದ್ದರು, ಏಕೆಂದರೆ ನನ್ನ ಎರಡೂ ಕೈ ತುಂಬಿರುತ್ತಿದ್ದವು. ಚೊಂಬಿನ ಅಗತ್ಯ ಬಹುಶಃ ಆಗಲೇ ಇರಲಿಲ್ಲ. ಬಿಡಲು ನನಗೇ ಧೈರ್ಯವಿರಲಿಲ್ಲ. ಮಳೆ ನಿಂತು ದಸರೆಯ ತೊಳೆದ ಬಿಸಿಲು ಬಂತು. ಗೋಡೆಯ ಮೇಲೆ ಏನೋ ಇದೆ ಅನ್ನಿಸುತ್ತಿತ್ತು, ಹತ್ತಿರ ಹೋದರೆ ಇಲ್ಲ ಅನ್ನಿಸುತ್ತಿತ್ತು. ನಾನು ಆತಂಕದವಳು, ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ. ಹೇಳದೆ ಇದ್ದೆ.

ದೀಪಾವಳಿಯ ಹಿಂದಿನ ವಾರ ರುಕ್ಮಾಂಗಿ ಟೀಚರ್ ಬೇಗ ಬಂದರು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಹಿಂದೆ ಮಕ್ಕಳನ್ನು ಬಿಡಲು ಬಂದ ನಾಲ್ಕಾರು ತಾಯಂದಿರು. ಟೀಚರ್ ಗೋಡೆಯನ್ನು ಒಂದು ಕಡೆಯಿಂದ ಒರೆಸುತ್ತ ಬಂದರು. ಧೂಳು ಹೋಯಿತು, ಅಂಗೈಯ ಕೊಳೆ ಹೋಯಿತು. ಅದರಡಿಯಲ್ಲಿ ತೆಳ್ಳಗೆ, ಹೊಗೆಯಂತೆ, ಪಟ್ಟಿ ಉಳಿಯಿತು. ಟೀಚರ್ ಇನ್ನೊಮ್ಮೆ ಒತ್ತಿ ಉಜ್ಜಿದರು. ಉಳಿಯಿತು.

"ಒಬ್ಬಳಿಗೇ ಇಷ್ಟುದ್ದ ಗೋಡೇನಾ ಟೀಚರ್?" ಎಂದಳು ಒಬ್ಬ ತಾಯಿ. "ಮುಂದಿನ ವರ್ಷದ ಮಕ್ಕಳು ಎಲ್ಲಿ ಕೂರ್ಬೇಕು?"

"ಪಶ್ಚಿಮದ ಗೋಡೆ ಇದೆ. ಸಂಜೆ ಬಿಸಿಲಿಗೆ ಕೂರಿಸ್ತೀನಿ," ಎಂದರು ಟೀಚರ್ ತಿರುಗಿಯೂ ನೋಡದೆ. ಆಮೇಲೆ ನನಗೆ: "ಹಿಡಿದಿದೆ. ನಾನು ಇಲ್ಲ ಅನ್ನೋಕಾಗಲ್ಲ. ಆದ್ರೆ ಕುಮುದಾ, ತರಗತೀಲಿ ಹೇಗೆ ಕೂರ್ತಾಳೆ?"

"ಕೂರಲ್ಲ ಟೀಚರ್. ಹಿಂದಿನ ಸಾಲಿನ ಪಕ್ಕ ಓಡಾಡೋಕೆ ಜಾಗ ಬಿಡಿ. ಓಡಾಡ್ತಾನೇ ಕೇಳಿಸ್ಕೋತಾಳೆ."

"ಉಳಿದ ಮಕ್ಕಳು?"

"ಒಂದು ವಾರ ನೋಡ್ತಾರೆ. ಆಮೇಲೆ ಬಿಡ್ತಾರೆ. ಬಿಡದೆ ಇದ್ರೆ ನಾನು ಮತ್ತೆ ಬರ್ತೀನಿ."

"ನೀನು ಬರದೆ ಯಾವಾಗಿದ್ದೆ," ಎಂದು ಟೀಚರ್ ಬಟ್ಟೆ ಹಿಂಡಿದರು.

ವಾರಿ ಅಷ್ಟು ಹೊತ್ತಿಗೆ ನನ್ನ ನೆರಳಿನ ಮುಂದೆ ನಿಂತಿದ್ದಳು. ತೋಳಿನೊಳಗೆ ಇನ್ನು ಬಿಳಿ ಸುಣ್ಣವಿರಲಿಲ್ಲ. ಬೂದು ಪಟ್ಟಿ ಒಂದು ಕಡೆಯಿಂದ ಒಳಗೆ ಬಂದು, ಆ ಜಾಗವನ್ನು ತುಂಬಿ, ಇನ್ನೊಂದು ಕಡೆಯಿಂದ ಹೊರಗೆ ಹೋಗಿತ್ತು. ಅವಳು ತಲೆ ಓರೆ ಮಾಡಿ ಓದಿದಳು.

"ಅಮ್ಮ ಇದೆ. ವಾರಿ ಇದೆ."

ಹೇಳಿ ಮುಗಿಸುವ ಮೊದಲೇ ಓಟ ಕಿತ್ತಿದ್ದಳು. ನಾನು ಎರಡೂ ಚೊಂಬುಗಳನ್ನು ನೆಲದ ಮೇಲಿಟ್ಟು, ಗಂಟೆ ಹೊಡೆಯುವ ಮೊದಲು ಎಂದೋ ತಂದಿಟ್ಟಿದ್ದ ಅವಳ ಹೊಸ ಸಮವಸ್ತ್ರದ ಕತ್ತಿನ ಲೇಬಲಿನ ಪಟ್ಟಿ ಕತ್ತರಿಸಬೇಕೆಂದು, ಚೀಲದಲ್ಲಿ ಕತ್ತರಿ ಹುಡುಕತೊಡಗಿದೆ.